ಎದುರಾಳಿಯ ಲೆಕ್ಕ, ನಮ್ಮ ಸಹಿ

2022ರ ಆಗಸ್ಟ್ ತಿಂಗಳಿನಲ್ಲಿ ಬೆಳಗಾವಿ ನಗರದ ಮನೆಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತಿತ್ತು: ಗಾಲ್ಫ್ ಮೈದಾನದ ಚಿರತೆ. ಜಾಧವ ನಗರದಲ್ಲಿ ಮೊದಲು ಕಾಣಿಸಿಕೊಂಡ ಆ ಪ್ರಾಣಿ ಗಾಲ್ಫ್ ಮೈದಾನದ ಪೊದೆಗಳನ್ನು ಸೇರಿಕೊಂಡಿತು. ಸುತ್ತಮುತ್ತಲ ಶಾಲೆಗಳಿಗೆ ರಜೆ ಕೊಡಲಾಯಿತು. ಶಿವಮೊಗ್ಗ ಜಿಲ್ಲೆಯ ಸಕ್ರೆಬೈಲಿನಿಂದ ಎರಡು ಆನೆಗಳನ್ನು ಕರೆತಂದು ಹುಡುಕಾಟ ನಡೆಸಲಾಯಿತು. ಖಾನಾಪುರದ ಕಡೆಯಿಂದ ಪ್ರತಿದಿನ ನಗರಕ್ಕೆ ಬಂದುಹೋಗುವವರಲ್ಲಿಯೂ, ಇಲ್ಲಿಯೇ ಹುಟ್ಟಿ ಬೆಳೆದವರಲ್ಲಿಯೂ ಅನೇಕರಿಗೆ, ನಮ್ಮ ಊರಿನಲ್ಲಿ ಇಷ್ಟು ದೊಡ್ಡ ಗಾಲ್ಫ್ ಮೈದಾನವೊಂದು ಇದೆಯೆಂಬ ಅರಿವು ಮೂಡಿದ್ದು ಆ ಚಿರತೆಯ ದೆಸೆಯಿಂದಲೇ.

ಚಿರತೆಯ ಸುದ್ದಿ ಕ್ರಮೇಣ ಮರೆಯಾಯಿತು. ಆದರೆ ಆ ಮೈದಾನದಲ್ಲಿ ಆಡುವ ಆಟದ ಬಗ್ಗೆ ಕೇಳಿದವರು ಕಡಿಮೆ. ಅದು ಸಿರಿವಂತರ ಆಟ, ಸೈನ್ಯಾಧಿಕಾರಿಗಳ ಆಟ ಎಂದು ಹೇಳಿ ನಾವು ಮುಂದೆ ಸಾಗುತ್ತೇವೆ. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೂ ಆ ಆಟದಲ್ಲಿ ಒಂದು ವಿಚಿತ್ರವಾದ ಪದ್ಧತಿ ಇದೆ. ಅಲ್ಲಿ ನನ್ನ ಅಂಕವನ್ನು ನಾನು ಬರೆಯುವುದಿಲ್ಲ. ನನ್ನನ್ನು ಸೋಲಿಸಲೆಂದೇ ಬಂದಿರುವ ಎದುರಾಳಿ ಬರೆಯುತ್ತಾನೆ. ಅವನ ಅಂಕವನ್ನು ನಾನು ಬರೆಯುತ್ತೇನೆ. ಕೊನೆಯಲ್ಲಿ ಅವನು ಬರೆದುದನ್ನು ನಾನು ಓದಿ ಸಹಿ ಹಾಕುತ್ತೇನೆ. ಆ ಸಹಿಯ ನಂತರ ಅದರಲ್ಲಿರುವ ತಪ್ಪು ಅವನದಲ್ಲ, ನನ್ನದು. ಈ ಪದ್ಧತಿಯ ಚರಿತ್ರೆಯನ್ನು ಸ್ವಲ್ಪ ಅವಲೋಕಿಸುವುದು ಈ ಲೇಖನದ ಉದ್ದೇಶ.

ಚಿನ್ನಿದಾಂಡಿನ ಎಣಿಕೆ

ಲೆಕ್ಕವಿಡುವ ಮರ್ಯಾದೆ ನಮಗೆ ಹೊಸದೇನಲ್ಲ. ಖಾನಾಪುರ ಸೀಮೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಚಿನ್ನಿದಾಂಡು ನೆನಪಿರಬೇಕು. ಮರಾಠಿ ಮನೆಗಳ ಮಕ್ಕಳು ಅದನ್ನು ವಿಟಿದಾಂಡು ಎನ್ನುತ್ತಿದ್ದರು. ದೂರಕ್ಕೆ ಹಾರಿದ ಚಿನ್ನಿಯಿಂದ ಕುಳಿಯವರೆಗೆ ದಾಂಡಿನಿಂದ ಅಳೆಯುವಾಗ ಮರಾಠಿ ಎಣಿಕೆ ಒಂದು, ಎರಡು ಎಂದು ಸಾಗುತ್ತಿರಲಿಲ್ಲ. ‘ವಕಟ, ಲೇಂಡ, ಮೂಂಡ, ನಾಲ’ ಎಂದು ಸಾಗುತ್ತಿತ್ತು. ಕಿವಿಗೊಟ್ಟು ಕೇಳಿದರೆ ತೆಲುಗಿನ ಒಕಟಿ, ರೆಂಡು, ಮೂಡು, ನಮ್ಮ ನಾಲ್ಕು ಅದರೊಳಗೆ ಅಡಗಿರುವುದು ತಿಳಿಯುತ್ತದೆ. ಭಾಷೆಯ ಹೆಸರಿನಲ್ಲಿ ಹಿರಿಯರು ಜಗಳವಾಡುತ್ತಿದ್ದ ಕಾಲದಲ್ಲಿಯೂ ಗಡಿನಾಡಿನ ಮಕ್ಕಳು ನೆರೆಯವರ ಸಂಖ್ಯೆಗಳಲ್ಲೇ ಅಂಕ ಎಣಿಸುತ್ತಿದ್ದರು.

ಆ ಆಟದಲ್ಲಿ ಇನ್ನೊಂದು ಸೊಗಸೂ ಇತ್ತು. ಹೊಡೆದವನು ಕಣ್ಣಳತೆಯಿಂದ ಇಷ್ಟು ದಾಂಡು ದೂರ ಎಂದು ತಾನೇ ಹೇಳುತ್ತಿದ್ದ. ಎದುರು ಪಕ್ಷದವರು ಒಪ್ಪಿದರೆ ಅಳೆಯುವ ಗೊಡವೆಯಿಲ್ಲ. ಒಪ್ಪದಿದ್ದರೆ ಅಳೆಯಲೇಬೇಕು. ಅವನು ಹೇಳಿದಷ್ಟು ದೂರ ಇಲ್ಲವೆಂದು ಕಂಡುಬಂದರೆ ಅವನ ಆಟವೇ ಮುಗಿಯಿತು. ಅಲ್ಲಿ ತೀರ್ಪುಗಾರನಿರಲಿಲ್ಲ. ಹೇಳುವವನ ಮಾತು ಮತ್ತು ಎದುರಾಳಿಯ ಸಾಕ್ಷಿ, ಇವೆರಡೇ ಆಟವನ್ನು ನಡೆಸುತ್ತಿದ್ದವು. ಗಾಲ್ಫ್ ಆಟದ ಲೆಕ್ಕವೂ ನಿಂತಿರುವುದು ಈ ಎರಡು ಕಂಬಗಳ ಮೇಲೆಯೇ.

ಲೀತ್‌ನಿಂದ ಬೆಂಗಳೂರಿಗೆ

ಗಾಲ್ಫ್ ಆಟದ ಅತ್ಯಂತ ಹಳೆಯ ಲಿಖಿತ ನಿಯಮಗಳು ಸ್ಕಾಟ್‌ಲೆಂಡಿನ ಎಡಿನ್‌ಬರೊ ಸಮೀಪದ ಲೀತ್ ಎಂಬಲ್ಲಿ 1744ರಲ್ಲಿ ರಚಿತವಾದವು. ಅವು ಕೇವಲ 13. ಆಗ ಇಬ್ಬರು ಎದುರುಬದುರಾಗಿ ಆಡುವುದೇ ರೂಢಿ. ಒಂದೊಂದು ಕುಳಿಯನ್ನು ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಅದನ್ನು ಗೆದ್ದಂತೆ. ಇಬ್ಬರೂ ಜೊತೆಯಲ್ಲೇ ನಡೆಯುವುದರಿಂದ ಒಬ್ಬನ ಹೊಡೆತಗಳಿಗೆ ಇನ್ನೊಬ್ಬನ ಕಣ್ಣೇ ಸಾಕ್ಷಿ. ಅಲ್ಲಿ ಕಾಗದದ ಅಗತ್ಯವೇ ಇರಲಿಲ್ಲ.

ಸೇಂಟ್ ಆಂಡ್ರೂಸ್‌ನಲ್ಲಿ 1759ರ ಹೊತ್ತಿಗೆ ಇನ್ನೊಂದು ಬಗೆಯ ಪಂದ್ಯದ ಉಲ್ಲೇಖ ದೊರೆಯುತ್ತದೆ. ಅದರಲ್ಲಿ ಎಲ್ಲ ಕುಳಿಗಳ ಒಟ್ಟು ಹೊಡೆತಗಳನ್ನು ಕೂಡಿಸಿ, ಕಡಿಮೆ ಹೊಡೆದವನನ್ನು ವಿಜೇತನೆಂದು ಘೋಷಿಸಲಾಗುತ್ತದೆ. ಇಂದಿನ ದೊಡ್ಡ ಪಂದ್ಯಾವಳಿಗಳೆಲ್ಲ ಬಹುಮಟ್ಟಿಗೆ ಈ ರೀತಿಯವು. ಈ ಬದಲಾವಣೆಯಿಂದ ಒಂದು ಸಮಸ್ಯೆ ಹುಟ್ಟಿತು. ನನ್ನ ಪ್ರತಿಸ್ಪರ್ಧಿಗಳು ಈಗ ಒಬ್ಬಿಬ್ಬರಲ್ಲ, ನೂರು ಮಂದಿ ಇರಬಹುದು. ಅವರಲ್ಲಿ ಹೆಚ್ಚಿನವರು ನಾನು ಆಡುವುದನ್ನು ನೋಡುವುದೇ ಇಲ್ಲ. ಅವರು ಮೈದಾನದ ಬೇರೆ ಮೂಲೆಯಲ್ಲಿರುತ್ತಾರೆ. ಅವರೆಲ್ಲರ ಪರವಾಗಿ ನೋಡುವ ಕಣ್ಣೊಂದು ಬೇಕು. ಆ ಕಣ್ಣೇ ನನ್ನ ಜೊತೆ ನಡೆಯುವ ಸಹ ಆಟಗಾರ. ಆಟದ ಭಾಷೆಯಲ್ಲಿ ಅವನನ್ನು ಮಾರ್ಕರ್ ಎನ್ನುತ್ತಾರೆ. ಅವನು ನನಗೆ ಗುಮಾಸ್ತನಲ್ಲ. ಅಲ್ಲಿ ಇಲ್ಲದವರ ಪ್ರತಿನಿಧಿ.

ಭಾರತಕ್ಕೆ ಈ ಆಟ ಬ್ರಿಟಿಷರೊಂದಿಗೆ ಬಂತು. 1829ರಲ್ಲಿ ಕೊಲ್ಕತ್ತದಲ್ಲಿ ಸ್ಥಾಪನೆಯಾದ ಕ್ಲಬ್ಬು ಬ್ರಿಟಿಷ್ ದ್ವೀಪಗಳ ಹೊರಗೆ ಅತ್ಯಂತ ಹಳೆಯದೆಂಬ ಹೆಸರು ಪಡೆದಿದೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿ ಹುಟ್ಟಿತು. ದಂಡು ಬೀಡುಬಿಟ್ಟ ಊರುಗಳಲ್ಲಿ ಚರ್ಚು, ಕವಾಯತು ಮೈದಾನ, ಕುದುರೆ ಪಂದ್ಯದ ಬಯಲುಗಳ ಜೊತೆಗೆ ಗಾಲ್ಫ್ ಹುಲ್ಲುಗಾವಲುಗಳೂ ತಲೆಯೆತ್ತಿದವು. 1922ರಿಂದ ಮರಾಠಾ ಲಘು ಪದಾತಿ ದಳದ ಕೇಂದ್ರವನ್ನು ತನ್ನ ಮಡಿಲಲ್ಲಿಟ್ಟುಕೊಂಡಿರುವ ಬೆಳಗಾವಿಯ ಕ್ಯಾಂಪ್ ಪ್ರದೇಶವೂ ಇಂತಹ ದಂಡಿನ ಬೀಡೇ.

ಲೆಕ್ಕ ಬರೆಯುವ ಮರ್ಯಾದೆ

ಪಂದ್ಯಾವಳಿಯಲ್ಲಿ ಈ ಲೆಕ್ಕ ನಡೆಯುವ ರೀತಿ ಹೀಗಿದೆ. ಆಟ ಆರಂಭವಾಗುವ ಮುನ್ನ ಆಟಗಾರರು ತಮ್ಮ ಸ್ಕೋರ್ ಕಾರ್ಡುಗಳನ್ನು ಪರಸ್ಪರ ಬದಲಿಸಿಕೊಳ್ಳುತ್ತಾರೆ. ನನ್ನ ಹೆಸರಿನ ಕಾರ್ಡು ನಿಮ್ಮ ಕೈಯಲ್ಲಿ, ನಿಮ್ಮದು ನನ್ನ ಕೈಯಲ್ಲಿ. ಒಂದು ಸುತ್ತಿಗೆ 18 ಕುಳಿಗಳು. ಪ್ರತಿಯೊಂದು ಕುಳಿ ಮುಗಿದ ಕೂಡಲೇ ಎಷ್ಟು ಹೊಡೆತಗಳಾದವೆಂದು ಒಬ್ಬರನ್ನೊಬ್ಬರು ಕೇಳಿ ಖಚಿತಪಡಿಸಿಕೊಳ್ಳಬೇಕು. ಆದರೆ ಕುಳಿಯ ಸುತ್ತಲಿನ ಹಸಿರು ಹಾಸಿನ ಮೇಲೆ ನಿಂತುಕೊಂಡು ಬರೆಯುವುದು ಅಸಭ್ಯ. ಹಿಂದೆ ಬರುವ ತಂಡ ಕಾಯುತ್ತಿರುತ್ತದೆ. ಮುಂದಿನ ಕುಳಿಯ ಆರಂಭದ ಜಾಗಕ್ಕೆ ನಡೆದುಹೋಗಿ ಅಲ್ಲಿ ಬರೆಯಬೇಕು. ನಿಮ್ಮ ಕಾರ್ಡಿನ ಒಂದು ಸಾಲಿನಲ್ಲಿ ನನ್ನ ಅಂಕವನ್ನೂ ಗುರುತು ಹಾಕಿಕೊಂಡರೆ ಕೊನೆಯಲ್ಲಿ ತಾಳೆ ನೋಡಲು ಅನುಕೂಲ.

ಯಾವುದಾದರೂ ದಂಡದ ಹೊಡೆತ ಸೇರಬೇಕೇ ಬೇಡವೇ ಎಂಬ ಸಂದೇಹ ಬಂದರೆ, ಸಹಿಗೆ ಮೊದಲೇ ಅದನ್ನು ಬಾಯಿಬಿಟ್ಟು ಹೇಳಬೇಕು. ಸುತ್ತು ಮುಗಿದ ಮೇಲೆ ಇಬ್ಬರೂ ಕುಳಿತು ಒಂದೊಂದೇ ಸಂಖ್ಯೆಯನ್ನು ಓದಿ ಹೇಳುತ್ತಾರೆ. ಬರೆದವನು ಸಹಿ ಹಾಕುತ್ತಾನೆ. ಅನಂತರ ಆಡಿದವನು ಸಹಿ ಹಾಕುತ್ತಾನೆ. ಒಟ್ಟು ಮೊತ್ತವನ್ನು ಕೂಡಿಸುವ ಹೊಣೆ ಪಂದ್ಯದ ಸಮಿತಿಯದು. ಪ್ರತಿ ಕುಳಿಯ ಮುಂದಿರುವ ಅಂಕದ ಹೊಣೆ ಆಟಗಾರನದು. ಸುಳ್ಳೆಂದು ತಿಳಿದೂ ಅಂಕಕ್ಕೆ ಸಹಿ ಹಾಕಿದ ಮಾರ್ಕರ್ ತಾನೂ ಒಬ್ಬ ಆಟಗಾರನಾಗಿದ್ದರೆ ಅವನೂ ಪಂದ್ಯದಿಂದ ಹೊರಗೆ.

ತಪ್ಪಿಗೆ ಇರುವ ನಿಯಮವನ್ನು ಗಮನಿಸಬೇಕು. ಹೊಡೆದುದಕ್ಕಿಂತ ಕಡಿಮೆ ಅಂಕ ಬರೆದ ಕಾರ್ಡಿಗೆ ಸಹಿ ಹಾಕಿದರೆ ಆಟಗಾರ ಅನರ್ಹ. ಹೆಚ್ಚು ಬರೆದ ಕಾರ್ಡಿಗೆ ಸಹಿ ಹಾಕಿದರೆ ಆ ಹೆಚ್ಚಿನ ಅಂಕವೇ ಅವನ ಅಂಕವಾಗಿ ನಿಲ್ಲುತ್ತದೆ. ಅಂದರೆ ತನಗೆ ಲಾಭ ತರುವ ತಪ್ಪು ಅವನನ್ನು ಹೊರಗಟ್ಟುತ್ತದೆ. ನಷ್ಟ ತರುವ ತಪ್ಪನ್ನು ಅವನು ಹೊತ್ತುಕೊಳ್ಳಬೇಕಾಗುತ್ತದೆ. ಕಾರ್ಡು ಕೊಟ್ಟ ಮೇಲೆ ತಿದ್ದುವಂತಿಲ್ಲ.

ಪಾಸ್ಖ ಭಾನುವಾರದ ಒಂದು ಸಂಖ್ಯೆ

ಈ ನಿಯಮ ಎಷ್ಟು ನೋವನ್ನು ಉಂಟುಮಾಡಬಲ್ಲದು ಎಂಬುದನ್ನು ಲೋಕ ಕಂಡದ್ದು 1968ರ ಏಪ್ರಿಲ್ 14ರಂದು. ಅಂದು ಪಾಸ್ಖ ಹಬ್ಬದ ಭಾನುವಾರ. ಅಮೆರಿಕದ ಜಾರ್ಜಿಯ ರಾಜ್ಯದ ಆಗಸ್ಟಾದಲ್ಲಿ ಮಾಸ್ಟರ್ಸ್ ಪಂದ್ಯಾವಳಿಯ ಕೊನೆಯ ಸುತ್ತು. ಅರ್ಜೆಂಟೀನದ ರಾಬರ್ಟೊ ಡಿ ವಿಸೆಂಜೊ ಅವರಿಗೆ ಅದು 45ನೆಯ ಹುಟ್ಟುಹಬ್ಬವೂ ಹೌದು. ಹಿಂದಿನ ವರ್ಷವಷ್ಟೇ ಅವರು ಬ್ರಿಟನ್ನಿನ ಓಪನ್ ಪಂದ್ಯಾವಳಿಯನ್ನು ಗೆದ್ದಿದ್ದರು. ಅಂದು ಮೊದಲ ಕುಳಿಯನ್ನು ಎರಡೇ ಹೊಡೆತಗಳಲ್ಲಿ ಮುಗಿಸಿ, ದಿನವಿಡೀ ಅದ್ಭುತವಾಗಿ ಆಡಿದರು.

ಹದಿನೇಳನೆಯ ಕುಳಿಯಲ್ಲಿ ಅವರು ಹೊಡೆದದ್ದು 3. ಸಾವಿರಾರು ಜನ ಅದನ್ನು ಮೈದಾನದಲ್ಲಿ ಕಂಡರು; ಅಸಂಖ್ಯ ಜನ ದೂರದರ್ಶನದಲ್ಲಿ ಕಂಡರು. ಆದರೆ ಅವರ ಕಾರ್ಡನ್ನು ಹಿಡಿದಿದ್ದ ಸಹ ಆಟಗಾರ ಟಾಮಿ ಆರನ್ ಅಚಾತುರ್ಯದಿಂದ 4 ಎಂದು ಬರೆದರು. ಕೊನೆಯ ಕುಳಿಯಲ್ಲಿ ಒಂದು ಹೊಡೆತ ಹೆಚ್ಚಾಗಿ ಮನಸ್ಸು ಕಹಿಯಾಗಿದ್ದ ಡಿ ವಿಸೆಂಜೊ, ಕಾರ್ಡನ್ನು ಸರಿಯಾಗಿ ನೋಡದೆ ಸಹಿ ಹಾಕಿ ಕೊಟ್ಟರು. ಆಡಿದ್ದು 65, ಕಾರ್ಡಿನಲ್ಲಿದ್ದದ್ದು 66. ಸತ್ಯವಾದ ಅಂಕದಂತೆ ಅವರು ಬಾಬ್ ಗೋಲ್ಬಿ ಅವರೊಂದಿಗೆ 277ರಲ್ಲಿ ಸಮನಾಗಿದ್ದರು. ಮರುದಿನ ಇಬ್ಬರೂ ಮತ್ತೆ ಆಡಬೇಕಿತ್ತು. ಸಹಿಯಾದ ಅಂಕದಂತೆ ಅವರದು 278. ಗೋಲ್ಬಿ ವಿಜೇತರೆಂದು ಘೋಷಿತರಾದರು.

ಆಗಸ್ಟಾ ಮೈದಾನದ ಸಂಸ್ಥಾಪಕರಲ್ಲಿ ಒಬ್ಬರಾದ ಬಾಬಿ ಜೋನ್ಸ್ ಆಗ ತೀವ್ರ ಅನಾರೋಗ್ಯದಿಂದ ಬಳಲುತ್ತಿದ್ದರು. ಅಧಿಕಾರಿಗಳು ಅವರ ಬಳಿಗೂ ಹೋಗಿ ವಿಚಾರಿಸಿದರು. ನಿಯಮವನ್ನು ಮೀರುವ ದಾರಿ ಕಾಣಲಿಲ್ಲ. ಈ ಜೋನ್ಸ್ ಯಾರು? 1925ರ ಅಮೆರಿಕದ ಓಪನ್ ಪಂದ್ಯಾವಳಿಯಲ್ಲಿ, ಒತ್ತಾದ ಹುಲ್ಲಿನಲ್ಲಿದ್ದ ತಮ್ಮ ಚೆಂಡು ಚೂರು ಅಲುಗಿತೆಂದು ಬೇರೆ ಯಾರೂ ಕಾಣದಿದ್ದರೂ ತಾವೇ ಹೇಳಿ ದಂಡದ ಹೊಡೆತ ಸೇರಿಸಿಕೊಂಡವರು. ಆ ಒಂದು ಹೊಡೆತ ಇಲ್ಲದಿದ್ದರೆ ಅವರು ಅಂದೇ ಗೆಲ್ಲುತ್ತಿದ್ದರು. ಸಮಬಲವಾಗಿ, ಮರು ಆಟದಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್ ಅವರಿಗೆ ಸೋತರು. ಜನ ಹೊಗಳಿದಾಗ ಅವರಿಗೆ ಅದು ಇಷ್ಟವಾಗಲಿಲ್ಲ. ಕಳ್ಳತನ ಮಾಡದಿರುವವನನ್ನು ಯಾರಾದರೂ ಹೊಗಳುತ್ತಾರೆಯೇ ಎಂಬುದು ಅವರ ಭಾವ.

ಡಿ ವಿಸೆಂಜೊ ಆರನ್‌ರನ್ನು ದೂಷಿಸಲಿಲ್ಲ. ತಪ್ಪು ತನ್ನದು, ತನ್ನ ದಡ್ಡತನದ್ದು ಎಂದರು. ಇಷ್ಟಾದರೂ ಗೋಲ್ಬಿಯವರಿಗೆ ಜನರಿಂದ ದ್ವೇಷದ ಪತ್ರಗಳು ಬಂದವು, ಅವರು ಮಾಡಿದ ತಪ್ಪು ಏನೂ ಇಲ್ಲದಿದ್ದರೂ. 1970ರಲ್ಲಿ ಅಮೆರಿಕದ ಗಾಲ್ಫ್ ಸಂಘವು ಕ್ರೀಡಾ ಸೌಜನ್ಯಕ್ಕಾಗಿ ಕೊಡುವ, ಬಾಬಿ ಜೋನ್ಸ್ ಅವರ ಹೆಸರಿನಲ್ಲೇ ಇರುವ ಪ್ರಶಸ್ತಿಯನ್ನು ಡಿ ವಿಸೆಂಜೊ ಅವರಿಗೆ ನೀಡಿತು. 2017ರಲ್ಲಿ ತಮ್ಮ 94ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಅವರು ಗೆದ್ದ ಪಂದ್ಯಗಳಿಗಿಂತ ಆ ಒಂದು ಸಹಿಯನ್ನೇ ಲೋಕ ಹೆಚ್ಚಾಗಿ ನೆನೆಯಿತು.

ನಿಯಮ ಮತ್ತು ಕರುಣೆ

ಇಂತಹ ಪ್ರಸಂಗ ಅದೊಂದೇ ಅಲ್ಲ. 1957ರಲ್ಲಿ ನ್ಯೂಯಾರ್ಕ್ ಸಮೀಪದ ವಿಂಗೆಡ್ ಫುಟ್ ಮೈದಾನದಲ್ಲಿ ನಡೆದ ಅಮೆರಿಕದ ಮಹಿಳಾ ಓಪನ್‌ನಲ್ಲಿ ಹವಾಯಿಯ ಜಾಕಿ ಪಂಗ್ 298 ಹೊಡೆತಗಳಿಂದ ಎಲ್ಲರಿಗಿಂತ ಮುಂದಿದ್ದರು. ಕೊನೆಯ ಸುತ್ತಿನ ನಾಲ್ಕನೆಯ ಕುಳಿಯಲ್ಲಿ ಅವರೂ, ಅವರ ಮಾರ್ಕರ್ ಆಗಿದ್ದ ಬೆಟ್ಟಿ ಜೇಮ್ಸನ್ ಅವರೂ 6 ಹೊಡೆದಿದ್ದರು. ಇಬ್ಬರೂ ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರು 5 ಎಂದು ಬರೆದರು. ಪಂಗ್ ಅವರ ಒಟ್ಟು ಮೊತ್ತ ಸರಿಯಾಗಿಯೇ ಇತ್ತು. ಆದರೆ ಮೊತ್ತದ ಹೊಣೆ ಸಮಿತಿಯದು, ಕುಳಿಯ ಹೊಣೆ ಆಟಗಾರ್ತಿಯದು. ಇಬ್ಬರೂ ಅನರ್ಹರಾದರು. ಬೆಟ್ಸಿ ರಾಲ್ಸ್ ವಿಜೇತರಾದರು. ಅಂದು ಕ್ಲಬ್ಬಿನ ಸದಸ್ಯರೂ ನೆರೆದ ಜನರೂ ಮನಕರಗಿ, ಪ್ರಥಮ ಬಹುಮಾನದ ಮೊತ್ತಕ್ಕಿಂತ ಹೆಚ್ಚಿನ ಹಣವನ್ನು ಕೂಡಿಸಿ ಪಂಗ್ ಅವರ ಕೈಗಿತ್ತರು. ನಿಯಮ ತನ್ನ ಕೆಲಸ ಮಾಡಿತು. ಕರುಣೆಯೂ ತನ್ನ ಕೆಲಸ ಮಾಡಿತು. ಒಂದು ಇನ್ನೊಂದಕ್ಕೆ ಅಡ್ಡಬರಲಿಲ್ಲ.

2000ದ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಬೆಲ್‌ಫ್ರಿ ಮೈದಾನದಲ್ಲಿ ಐರ್ಲೆಂಡಿನ ಪ್ಯಾಡ್ರಿಗ್ ಹ್ಯಾರಿಂಗ್ಟನ್ ಮೂರು ಸುತ್ತುಗಳ ನಂತರ ಐದು ಹೊಡೆತಗಳಿಂದ ಮುಂದಿದ್ದರು. ಅವರ ಕಾರ್ಡನ್ನು ಚೌಕಟ್ಟು ಹಾಕಿಸಿ ನೆನಪಿಗಾಗಿ ಇಡಬೇಕೆಂದು ಹೊರತೆಗೆದಾಗ, ಮೊದಲ ಸುತ್ತಿನ ಕಾರ್ಡಿನಲ್ಲಿ ಅವರ ಸಹಿಯೇ ಇಲ್ಲವೆಂದು ತಿಳಿದುಬಂತು. ಅಂಕಗಳೆಲ್ಲ ಸತ್ಯ, ಸಹಿ ಮಾತ್ರ ಇಲ್ಲ. ಕೊನೆಯ ಸುತ್ತು ಆಡುವ ಮೊದಲೇ ಅವರು ಮನೆಗೆ ತೆರಳಬೇಕಾಯಿತು.

ಇಷ್ಟು ಕಠೋರತೆ ಬೇಕೇ ಎಂಬ ಪ್ರಶ್ನೆ ಸಹಜ. ಆಟವನ್ನು ಆಳುವ ಸಂಸ್ಥೆಗಳೂ ಈ ಪ್ರಶ್ನೆಯನ್ನು ಕೇಳಿಕೊಂಡಿವೆ. ತನಗೆ ದಂಡ ಬಿದ್ದಿದೆಯೆಂದೇ ತಿಳಿಯದೆ ಸಹಿ ಹಾಕಿದವನನ್ನು ಹೊರಗಟ್ಟುವುದು ನ್ಯಾಯವಲ್ಲವೆಂದು 2016ರಲ್ಲಿ ನಿಯಮವನ್ನು ಸಡಿಲಿಸಲಾಯಿತು. ಆದರೆ ಮೂಲ ದಂಡದ ಜೊತೆಗೆ ತಪ್ಪು ಕಾರ್ಡಿಗಾಗಿ ಇನ್ನೂ ಎರಡು ಹೊಡೆತಗಳು ಸೇರುತ್ತಿದ್ದವು. 2017ರ ಏಪ್ರಿಲ್‌ನಲ್ಲಿ ಲೆಕ್ಸಿ ಥಾಂಪ್ಸನ್ ಎಂಬ ಅಮೆರಿಕದ ಯುವತಿ ಕೊನೆಯ ಸುತ್ತಿನಲ್ಲಿ ಮುಂದಿರುವಾಗ, ಹಿಂದಿನ ದಿನ ಅವರು ಚೆಂಡನ್ನು ಸ್ವಲ್ಪ ಬೇರೆ ಜಾಗದಲ್ಲಿ ಇಟ್ಟರೆಂದು ದೂರದರ್ಶನ ನೋಡುತ್ತಿದ್ದ ಪ್ರೇಕ್ಷಕರೊಬ್ಬರು ತಿಳಿಸಿದರು. ಆಟದ ನಡುವೆಯೇ ಒಟ್ಟು ನಾಲ್ಕು ಹೊಡೆತಗಳ ದಂಡ ಬಿತ್ತು. ಅವರು ಮರು ಆಟದಲ್ಲಿ ಸೋತರು. ಇದರ ನಂತರ, 2018ರಿಂದ ಮನೆಯಲ್ಲಿ ಕುಳಿತ ಪ್ರೇಕ್ಷಕರ ದೂರುಗಳನ್ನು ಸ್ವೀಕರಿಸುವುದನ್ನು ಕೈಬಿಡಲಾಯಿತು. ತಿಳಿಯದೆ ಮಾಡಿದ ತಪ್ಪಿಗೆ ಬೀಳುತ್ತಿದ್ದ ಹೆಚ್ಚುವರಿ ಎರಡು ಹೊಡೆತಗಳನ್ನೂ ತೆಗೆಯಲಾಯಿತು. 2019ರ ಹೊಸ ನಿಯಮಾವಳಿ ಅದನ್ನು ಸ್ಥಿರಪಡಿಸಿತು.

ಆದರೆ ತಾನು ಎಷ್ಟು ಹೊಡೆದೆನೆಂದು ತಿಳಿದೂ ಓದದೆ ಸಹಿ ಹಾಕಿದವನಿಗೆ ವಿನಾಯಿತಿ ದೊರೆಯಲಿಲ್ಲ. 2024ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ರಿವಿಯೇರಾ ಮೈದಾನದಲ್ಲಿ ಹೆಸರಾಂತ ಆಟಗಾರ ಜೋರ್ಡನ್ ಸ್ಪೀತ್ ನಾಲ್ಕನೆಯ ಕುಳಿಯಲ್ಲಿ 4 ಹೊಡೆದು, 3 ಎಂದಿದ್ದ ಕಾರ್ಡಿಗೆ ಸಹಿ ಹಾಕಿ ಅನರ್ಹರಾದರು. ಇಂದು ಪ್ರತಿ ಹೊಡೆತವನ್ನೂ ಯಂತ್ರಗಳು ದಾಖಲಿಸುತ್ತವೆ. ಅವರು 4 ಹೊಡೆದದ್ದು ಲೋಕಕ್ಕೆಲ್ಲ ಗೊತ್ತಿತ್ತು. ಆದರೂ ಯಂತ್ರದ ಲೆಕ್ಕ ಮನುಷ್ಯನ ಸಹಿಯ ಸ್ಥಾನವನ್ನು ತುಂಬಲಿಲ್ಲ. ಸ್ಪೀತ್ ಕೂಡ ಹೊಣೆ ತನ್ನದೇ ಎಂದು ಒಪ್ಪಿಕೊಂಡರು.

ಒಬ್ಬರೇ ಬರೆದ ಲೆಕ್ಕ

ಇಷ್ಟು ಓದಿದ ಮೇಲೆ, ಇದು ಕೇವಲ ಆಟದ ಮಾತಲ್ಲವೆಂದು ನಿಮಗೂ ಅನ್ನಿಸಿರಬೇಕು. ನಮ್ಮ ಬದುಕಿನಲ್ಲಿಯೂ ನಮ್ಮ ಲೆಕ್ಕವನ್ನು ಬರೆಯುವವರು ಬೇರೆಯವರು. ಅಂಗಡಿಯ ಉದ್ರಿ ಪುಸ್ತಕ, ಹಾಲಿನ ಲೆಕ್ಕ, ಸ್ವಸಹಾಯ ಸಂಘದ ಪುಸ್ತಕ, ಕೂಲಿಯ ಹಾಜರಿ ಪಟ್ಟಿ, ಎಲ್ಲದರ ಕೊನೆಯಲ್ಲಿ ನಮ್ಮ ಸಹಿಯೋ ಹೆಬ್ಬೆಟ್ಟೋ ಬೀಳುತ್ತದೆ.

ಓದಲಾಗದ ಕಾಗದಕ್ಕೆ ಒತ್ತಿದ ಹೆಬ್ಬೆಟ್ಟು ನಮ್ಮ ಹಿರಿಯರಿಂದ ಎಷ್ಟನ್ನು ಕಿತ್ತುಕೊಂಡಿತೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಬೆಳಗಾವಿ ಜಿಲ್ಲೆ ಸೇರಿದ್ದ ಅಂದಿನ ಮುಂಬಯಿ ಪ್ರಾಂತ್ಯದಲ್ಲಿ, 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿದರು. ಬಹಳ ಕಡೆಗಳಲ್ಲಿ ಅವರು ಹುಡುಕಿದ್ದು ಹಣವನ್ನಲ್ಲ, ಸಾಲದ ಪತ್ರಗಳನ್ನು, ಸಿಕ್ಕಿದ್ದನ್ನು ಸುಟ್ಟುಹಾಕಿದರು. ಸರಕಾರ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆಯನ್ನು ತಂದಿತು. ರೈತನ ಸಾಲಪತ್ರ ಗ್ರಾಮದ ನೋಂದಣಿ ಅಧಿಕಾರಿಯ ಎದುರು ಬರೆಯಲ್ಪಡಬೇಕು, ಕೊಟ್ಟ ಹಣಕ್ಕೆ ರಸೀದಿ ಸಿಗಬೇಕು, ಲೆಕ್ಕದ ವಿವರ ರೈತನ ಕೈಗೂ ಬರಬೇಕು ಎಂದು ಅದು ವಿಧಿಸಿತು. ಅಂದರೆ ಒಬ್ಬನೇ ಬರೆದು ಒಬ್ಬನೇ ಓದುತ್ತಿದ್ದ ಪುಸ್ತಕಕ್ಕೆ ಎರಡನೆಯ ಜೊತೆ ಕಣ್ಣುಗಳನ್ನು ತಂದುಕೊಟ್ಟಿತು.

ಗಾಲ್ಫ್ ಕಾರ್ಡಿನ ಹಿರಿಮೆ ಇರುವುದೂ ಇಲ್ಲಿಯೇ. ಅದು ಕಠೋರ, ನಿಜ. ಆದರೆ ಅಲ್ಲಿ ಇಬ್ಬರೂ ಸಮಾನರು. ನನ್ನ ಕಾರ್ಡು ನಿಮ್ಮ ಕೈಯಲ್ಲಿರುವಷ್ಟು ಹೊತ್ತೂ ನಿಮ್ಮದು ನನ್ನ ಕೈಯಲ್ಲಿರುತ್ತದೆ. ಸಹಿಗೆ ಮೊದಲು ಓದುವ ಹಕ್ಕು, ಕೇಳುವ ಹಕ್ಕು, ತಿದ್ದಿಸುವ ಹಕ್ಕು ಇಬ್ಬರಿಗೂ ಇದೆ. ಆ ಹಕ್ಕು ಇರುವೆಡೆ ಮಾತ್ರ ಸಹಿಯ ಹೊಣೆಯನ್ನು ಇಷ್ಟು ಬಿಗಿಯಾಗಿ ಹೊರಿಸುವುದು ನ್ಯಾಯ. ಓದುಬಾರದವರಿಂದ ಅವಸರದಲ್ಲಿ ಸಹಿ ಮಾಡಿಸಿ, ಆಮೇಲೆ ‘ನೀವೇ ಸಹಿ ಹಾಕಿದ್ದೀರಲ್ಲ’ ಎನ್ನುವವನು ಆಟದ ನಿಯಮವನ್ನು ಆಡುತ್ತಿಲ್ಲ. ಅದರ ಅರ್ಧವನ್ನಷ್ಟೇ ಆಡುತ್ತಿದ್ದಾನೆ. ನಮ್ಮ ಸಂಘಗಳಲ್ಲಿ ಪುಸ್ತಕ ಬರೆಯುವ ಓದಿದ ಮಕ್ಕಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಜ್ಜಿಯ ಹೆಬ್ಬೆಟ್ಟಿಗೆ ಮೊದಲು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವುದು ಸೌಜನ್ಯವಲ್ಲ, ಸಾಲ.

ಕೊನೆಯದಾಗಿ ಎರಡು ಚಿತ್ರಗಳು. ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಾಯಿಯನ್ನೇ ಸಹಾಯಕಿಯಾಗಿಟ್ಟುಕೊಂಡು ಆಡಿ ನಾಲ್ಕನೆಯ ಸ್ಥಾನ ಪಡೆದ ನಮ್ಮ ಹುಡುಗಿ. 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕೊನೆಯ ದಿನ ಏಳು ಹೊಡೆತಗಳಿಂದ ಮುಂದಿದ್ದು, ಅಂದು 77 ಹೊಡೆದು ಚಿನ್ನವನ್ನು ಕಳೆದುಕೊಂಡು ಬೆಳ್ಳಿ ಪಡೆದರು. ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ದೊರೆತ ಮೊದಲ ಪದಕ ಅದು. ಒಳ್ಳೆಯ ದಿನದ ಕಾರ್ಡಿಗೆ ಸಹಿ ಹಾಕುವುದು ಸುಲಭ. ಕೆಟ್ಟ ದಿನದ ಕಾರ್ಡನ್ನೂ ಕುಳಿಕುಳಿಯಾಗಿ ಓದಿ, ಹೌದು ಇದು ನನ್ನದೇ ಎಂದು ಹೆಸರು ಬರೆಯುವುದೇ ಕಷ್ಟ.

ಇನ್ನೊಂದು ಚಿತ್ರ ಟಾಮಿ ಆರನ್ ಅವರದು. 1968ರಲ್ಲಿ ಡಿ ವಿಸೆಂಜೊ ಅವರ ಕಾರ್ಡಿನಲ್ಲಿ ತಪ್ಪು ಬರೆದ ಅದೇ ಆರನ್, ಐದು ವರ್ಷಗಳ ನಂತರ, 1973ರಲ್ಲಿ ಅದೇ ಆಗಸ್ಟಾದಲ್ಲಿ ಕೊನೆಯ ಸುತ್ತು ಮುಗಿಸಿ ಕುಳಿತಿದ್ದರು. ಅವರ ಕಾರ್ಡನ್ನು ಬರೆದವರು ಜಾನಿ ಮಿಲ್ಲರ್. ಹದಿಮೂರನೆಯ ಕುಳಿಯಲ್ಲಿ ತಾವು ಹೊಡೆದ 4ರ ಜಾಗದಲ್ಲಿ 5 ಎಂದಿರುವುದು ಆರನ್ ಕಣ್ಣಿಗೆ ಬಿತ್ತು. ಅವರು ಅದನ್ನು ತಿದ್ದಿಸಿದರು, ಅನಂತರ ಸಹಿ ಹಾಕಿದರು. ಆ ವರ್ಷದ ಮಾಸ್ಟರ್ಸ್ ಅನ್ನು ಅವರು ಗೆದ್ದದ್ದು ಒಂದೇ ಒಂದು ಹೊಡೆತದ ಅಂತರದಿಂದ.